ಹಲ್ಲಿನ ವೆನೀರ್: ಹಾಕಿಸಿಕೊಳ್ಳುವ ಮುನ್ನ ಒಂದಿಷ್ಟು ವಿಚಾರ



ನಾನು ವೈದ್ಯನಲ್ಲ. ಮೆಟ್ರಿಕ್ ಪಾಸಾದ ವರ್ಷವೇ ತಂದೆಯವರ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತವನು, ಅರವತ್ತಾರು ತುಂಬಿದರೂ ಅಲ್ಲಿಂದ ಎದ್ದಿಲ್ಲ. ರಾಯದುರ್ಗದಲ್ಲಿ ನಮ್ಮದು ಮೂರು ತಲೆಮಾರಿನ ಅಂಗಡಿ. ಹಲ್ಲಿನ ವಿಷಯ ಬರೆಯಲು ಇವನಿಗೇನು ಅಧಿಕಾರ ಎಂದು ಓದುಗರು ಕೇಳಬಹುದು. ಎರಡು ಕಾರಣಗಳಿವೆ. ಒಂದು, ವಿಚಾರಿಸದೆ ಹಲ್ಲಿನ ವ್ಯವಹಾರಕ್ಕೆ ಕೈಹಾಕಿ ನಷ್ಟಪಟ್ಟವನು ನಾನು. ಎರಡು, ಕಳೆದ ವರ್ಷ ಮೊಮ್ಮಗಳ ಹಲ್ಲಿನ ಸಲುವಾಗಿ ಮೂರು ತಿಂಗಳು ಬಳ್ಳಾರಿಗೆ ಓಡಾಡಿ, ಕೇಳಿ ಕೇಳಿ ಒಂದಿಷ್ಟು ತಿಳಿದುಕೊಂಡೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಮದುವೆಯ ವಯಸ್ಸಿನ ಮಕ್ಕಳಿಗೆ ಈಗ ಈ ವೆನೀರ್ ಹಾಕಿಸುವ ಮಾತು ನಡೆಯುತ್ತಿದೆ. ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಕಲೆ ಎಲ್ಲಿಂದ ಬಂತು?

ನನ್ನ ಮೊಮ್ಮಗಳಿಗೆ ಇಪ್ಪತ್ತೊಂದು ವರ್ಷ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಮಾತು ಚುರುಕು, ಲೆಕ್ಕ ಇನ್ನೂ ಚುರುಕು. ಆದರೆ ಮನೆಯ ಯಾವ ಫೋಟೋದಲ್ಲಿ ನೋಡಿದರೂ ಬಾಯಿ ಮುಚ್ಚಿಕೊಂಡೇ ನಿಂತಿರುತ್ತಾಳೆ. ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಮೇಲಿನ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆಗಳು, ನಡುವೆ ಕಂದು ಪಟ್ಟೆ. ಕಾಲೇಜಿನಲ್ಲಿ ಯಾರೋ "ಗುಟ್ಕಾ ಹಾಕ್ತೀಯಾ?" ಎಂದು ತಮಾಷೆ ಮಾಡಿದ್ದರಂತೆ. ಅಡಿಕೆಯನ್ನೂ ಬಾಯಿಗೆ ಹಾಕದ ಹುಡುಗಿ ಅವಳು. ಅಂದು ಮನೆಗೆ ಬಂದು ಊಟ ಮಾಡಲಿಲ್ಲ ಎಂದು ನಮ್ಮ ಮನೆಯವರು ಆಮೇಲೆ ಹೇಳಿದರು.

ಇದು ಹಲ್ಲು ಉಜ್ಜದೆ ಬಂದ ಕಲೆಯಲ್ಲ, ನೀರಿನಿಂದ ಬಂದದ್ದು. ಅನಂತಪುರ ಸೀಮೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮಗುವಿನ ವಸಡಿನೊಳಗೆ ಹಲ್ಲು ತಯಾರಾಗುತ್ತಿರುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇಂಥ ನೀರು ಕುಡಿದರೆ ಹಲ್ಲಿನ ಮೇಲ್ಪದರವಾದ ಎನಾಮೆಲ್ ಸರಿಯಾಗಿ ಗಟ್ಟಿಯಾಗದೆ ಹುಟ್ಟುತ್ತದೆ. ಇದಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ನಮ್ಮ ಹಿತ್ತಲ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿದಾಗ 2ಕ್ಕೂ ಮೇಲೆ ಬಂತು.

ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ನಾವು ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿಯುವ ಜನ. ಮೊಮ್ಮಗಳಿಗೂ ಹುಟ್ಟಿದಂದಿನಿಂದ ಸೋಸಿದ ನೀರನ್ನೇ ಕೊಟ್ಟಿದ್ದೇವೆ. ಆದ್ದರಿಂದ ನೀರಿನಲ್ಲಿ ದೋಷವಿದೆ ಎಂದು ನಮಗೆ ಕನಸಿನಲ್ಲಿಯೂ ಹೊಳೆಯಲಿಲ್ಲ. ಆದರೆ ಫ್ಲೋರೈಡ್ ಉಪ್ಪಿನಂತೆ ನೀರಿನಲ್ಲಿ ಕರಗಿರುವ ವಸ್ತು. ಬಟ್ಟೆ ಅದನ್ನು ಹಿಡಿಯುವುದಿಲ್ಲ. ಕಾಯಿಸಿದರೆ ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸಣ್ಣ ಮಕ್ಕಳಿರುವ ಮನೆಯವರು ಮೊದಲು ನೀರು ಪರೀಕ್ಷೆ ಮಾಡಿಸಿರಿ. ಆರ್.ಓ. ಯಂತ್ರವೋ, ಫ್ಲೋರೈಡ್ ತೆಗೆಯುವ ಬೇರೆ ಫಿಲ್ಟರೋ ಹಾಕಿಸಿರಿ. ಹಲ್ಲಿಗೆ ಮುಂದೆ ಮಾಡಿಸುವ ಖರ್ಚಿಗಿಂತ ಅದು ಅಗ್ಗ.

ಆತುರದ ಸಲಹೆ

ಕಳೆದ ವರ್ಷ ಹುಬ್ಬಳ್ಳಿ ಕಡೆಯ ಒಂದು ಸಂಬಂಧದ ಮಾತು ಬಂತು. ಹುಡುಗನ ಕಡೆಯವರು ಬರುವುದಕ್ಕೆ ಎರಡು ತಿಂಗಳಿತ್ತು. ನನ್ನ ಸೊಸೆ ಮಗಳನ್ನು ಕರೆದುಕೊಂಡು ಬೆಂಗಳೂರಿನ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬಂದಳು. ಅಲ್ಲಿಯವರು ಹತ್ತು ನಿಮಿಷ ನೋಡಿ, ಬಣ್ಣದ ಕಾಗದವೊಂದನ್ನು ಕೈಗೆ ಕೊಟ್ಟು ಕಳಿಸಿದ್ದರು. ಹತ್ತು ಹಲ್ಲುಗಳಿಗೆ ಜಿರ್ಕೋನಿಯಾ, ನಾಲ್ಕು ದಿನದಲ್ಲಿ ಕೆಲಸ ಪೂರ್ತಿ, ಒಟ್ಟು 1,40,000 ರೂಪಾಯಿ, ತಿಂಗಳೊಳಗೆ ಮಾಡಿಸಿದರೆ ರಿಯಾಯಿತಿ.

"ಮಾವ, ಜಿರ್ಕೋನಿಯಾ ಎಲ್ಲಕ್ಕಿಂತ ಗಟ್ಟಿಯಂತೆ. ಹದಿನೈದು ವರ್ಷ ಗ್ಯಾರಂಟಿ ಕಾರ್ಡೂ ಕೊಡ್ತಾರಂತೆ," ಎಂದಳು ಸೊಸೆ.

ಹಣದ ಬಗ್ಗೆ ನಾನು ಮಾತಾಡಲಿಲ್ಲ. ಹೆಣ್ಣು ಮಗುವಿಗೆ ಖರ್ಚು ಮಾಡದೆ ಇನ್ನಾರಿಗೆ ಮಾಡಬೇಕು? ಆದರೆ ಆ ಕಾಗದದಲ್ಲಿ ಎಷ್ಟು ಹಲ್ಲು, ಎಷ್ಟು ದಿನ, ಎಷ್ಟು ರೂಪಾಯಿ ಎಂದು ಎಲ್ಲ ಇತ್ತು. ಹಲ್ಲನ್ನು ಎಷ್ಟು ಸವೆಸುತ್ತಾರೆ ಎಂಬುದು ಮಾತ್ರ ಇರಲಿಲ್ಲ. ಅದೊಂದು ಮಾತನ್ನು ಕೇಳದೆ ಕೆಟ್ಟವನು ನಾನು.

ನನ್ನ ಕಥೆ ಹೀಗಿದೆ. ನನ್ನ ಹಲ್ಲಿಗೂ ಇದೇ ಕಂದು ಕಲೆ. 1998ರಲ್ಲಿ ತಮ್ಮನ ಮದುವೆಯ ಮುಂಚೆ, ಹತ್ತು ಜನರೆದುರು ಓಡಾಡಬೇಕು ಎಂದು ಮೇಲಿನ ನಾಲ್ಕು ಹಲ್ಲುಗಳಿಗೆ ಒಳಗೆ ಲೋಹ, ಹೊರಗೆ ಪಿಂಗಾಣಿಯ ಕ್ಯಾಪ್ ಹಾಕಿಸಿಕೊಂಡೆ. ಅವರು ನನ್ನ ಗಟ್ಟಿ ಹಲ್ಲುಗಳನ್ನು ಸುತ್ತಲೂ ಅರೆದು ಗೂಟದಷ್ಟು ಮಾಡಿದಾಗ ಕನ್ನಡಿಯಲ್ಲಿ ನೋಡಿ ಎದೆ ಧಸಕ್ಕೆಂದಿತು. ಮೇಲೆ ಕ್ಯಾಪ್ ಕೂತ ಕೂಡಲೇ ಎಲ್ಲ ಮರೆತೆ. ಮದುವೆಯ ಫೋಟೋದಲ್ಲಿ ಮದುಮಗನಿಗಿಂತ ನನ್ನ ನಗುವೇ ಹೆಚ್ಚಾಗಿದೆ. ಆರು ವರ್ಷಕ್ಕೆ ಒಂದು ಹಲ್ಲು ರಾತ್ರಿಯೆಲ್ಲ ಸಿಡಿಯತೊಡಗಿತು. ರೂಟ್ ಕೆನಾಲ್ ಆಯಿತು. ಆಮೇಲೆ ಅದರ ಪಕ್ಕದ್ದು. ವಸಡು ಮೇಲೆ ಸರಿದು ಕ್ಯಾಪಿನ ಬುಡದಲ್ಲಿ ಕಪ್ಪು ಗೆರೆ ಕಾಣಿಸಿತು. 2011ರಲ್ಲಿ ಅಂಗಡಿಯಲ್ಲಿ ದಾರ ಕಚ್ಚಿ ಹರಿಯುವಾಗ ಒಂದು ಹಲ್ಲು ಬುಡಕ್ಕೇ ಮುರಿಯಿತು, ಮರುವರ್ಷ ಇನ್ನೊಂದು. ಈಗ ಆ ಜಾಗದಲ್ಲಿ ತೆಗೆದು ಹಾಕುವ ಕಟ್ಟು ಹಲ್ಲು. ರಾತ್ರಿ ಅದನ್ನು ನೀರಿನ ಬಟ್ಟಲಿನಲ್ಲಿ ಇಟ್ಟು ಮಲಗುತ್ತೇನೆ.

ಅಂದು ರಾತ್ರಿ ಮೊಮ್ಮಗಳನ್ನು ಕರೆದು ಆ ಬಟ್ಟಲು ತೋರಿಸಿದೆ. ಹೆಂಡತಿ ಬಿಟ್ಟರೆ ಬೇರೆ ಯಾರೆದುರಿಗೂ ನಾನು ಆ ಹಲ್ಲು ತೆಗೆದವನಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ಹಿಂಗೇ ಇರಬೇಕಾ ತಾತಾ?" ಎಂದಳು.

"ಬೇಡಮ್ಮ. ಮಾಡಿಸೋಣ. ಆದರೆ ನಾಲ್ಕು ಕಡೆ ವಿಚಾರಿಸಿ ಮಾಡಿಸೋಣ," ಎಂದೆ.

ವೆನೀರ್ ಎಂದರೇನು?

1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಅದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆದರೂ ಜವಳಿ, ಬೀಗತನ, ಆಸ್ಪತ್ರೆ ಮೂರಕ್ಕೂ ನಮಗೆ ಇಂದಿಗೂ ಬಳ್ಳಾರಿಯೇ ಹತ್ತಿರ. ಅಲ್ಲಿಯ ಒಬ್ಬ ಹಿರಿಯ ದಂತವೈದ್ಯೆಯ ಬಳಿಗೆ ಹೋದೆವು. ಅವರು ಮೊದಲ ದಿನ ಹಲ್ಲನ್ನು ಮುಟ್ಟಲೇ ಇಲ್ಲ. ಫೋಟೋ ತೆಗೆದುಕೊಂಡರು, ಅಚ್ಚು ತೆಗೆದುಕೊಂಡರು, ಒಂದು ಗಂಟೆ ವಿವರಿಸಿದರು. ಮುಂದೆ ಬರೆಯುವುದರಲ್ಲಿ ಬಹುಪಾಲು ಅವರು ಹೇಳಿದ್ದು. ವ್ಯಾಪಾರದ ಲೆಕ್ಕ ಮಾತ್ರ ನನ್ನದು.

ಕ್ಯಾಪ್ ಎಂದರೆ ಹಲ್ಲಿಗೆ ಸುತ್ತಲೂ ತೊಡಿಸುವ ಟೊಪ್ಪಿಗೆ. ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುವ ತೆಳು ಪದರ. ಎರಡೂ ಬೇರೆ ಬೇರೆ. ವೆನೀರಿಗೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಸವೆಸಿದರೆ ಸಾಕು. ಕೆಲವು ಸಲ ಸವೆಸುವುದೇ ಬೇಡ. ಕ್ಯಾಪಿಗೆ ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್ ಹೋಗುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮುಂದಿನ ಹಲ್ಲುಗಳನ್ನು ತೂಗಿ ನೋಡಿದ್ದರು. ವೆನೀರಿಗೆ ಬಾಯಲ್ಲಿ ಕಾಣುವ ಹಲ್ಲಿನ ನೂರಕ್ಕೆ 3ರಿಂದ 30 ಭಾಗ ಹೋದರೆ, ಪೂರ್ಣ ಕ್ಯಾಪಿಗೆ ನೂರಕ್ಕೆ 63ರಿಂದ 72 ಭಾಗ ಹೋಗಿತ್ತು. ಬೆಂಗಳೂರಿನ ಕಾಗದವನ್ನು ಅವರಿಗೆ ತೋರಿಸಿದಾಗ, "ಯಜಮಾನ್ರೇ, ಇದು ವೆನೀರ್ ಅಲ್ಲ. ಇದರಲ್ಲಿ ಬರೆದಿರೋದು ಕ್ಯಾಪು," ಎಂದರು. ನನಗೆ ನನ್ನ ನಾಲ್ಕು ಗೂಟಗಳು ಕಣ್ಣ ಮುಂದೆ ಬಂದವು.

ವೆನೀರ್ ಹೊಸದೇನಲ್ಲ. 1930ರ ಆಸುಪಾಸಿನಲ್ಲಿಯೇ ಚಾರ್ಲ್ಸ್ ಪಿಂಕಸ್ ಎಂಬ ಅಮೆರಿಕದ ದಂತವೈದ್ಯರು ಹಾಲಿವುಡ್ ನಟನಟಿಯರಿಗೆ ಚಿತ್ರೀಕರಣದ ವೇಳೆ ಮಾತ್ರ ಅಂಟಿಸಿ ಆಮೇಲೆ ತೆಗೆಯುವಂಥ ಪದರಗಳನ್ನು ಮಾಡುತ್ತಿದ್ದರು. ಅದು ಹಲ್ಲಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತಿರಲಿಲ್ಲ. 1955ರಲ್ಲಿ ಮೈಕೆಲ್ ಬ್ಯುವೊನೊಕೋರ್ ಎಂಬವರು ಎನಾಮೆಲ್ ಮೇಲೆ ಸ್ವಲ್ಪ ಹೊತ್ತು ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ಅದು ಒರಟಾಗಿ, ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಗೋಡೆಗೆ ಗಾರೆ ಹಿಡಿಯಲು ಮೊದಲು ಕೊಚ್ಚುವುದಿಲ್ಲವೇ, ಹಾಗೆ. 1980ರ ದಶಕದ ಆರಂಭದಲ್ಲಿ ಪಿಂಗಾಣಿಯ ಒಳಮೈಯನ್ನೂ ಬೇರೊಂದು ಆಮ್ಲದಿಂದ ಒರಟು ಮಾಡಿ ಅಂಟಿಸುವ ವಿಧಾನ ಬಂತು. ಇಂದಿನ ವೆನೀರ್ ನಿಂತಿರುವುದು ಈ ಎರಡರ ಮೇಲೆ.

ಇದರಲ್ಲಿ ಒಂದು ಮುಖ್ಯ ಅಂಶವಿದೆ. ಅಂಟು ಚೆನ್ನಾಗಿ ಹಿಡಿಯುವುದು ಎನಾಮೆಲಿಗೆ. ಅದನ್ನು ಪೂರ್ತಿ ಅರೆದು ಒಳಗಿನ ಮೆದು ಪದರವಾದ ಡೆಂಟಿನ್‌ಗೆ ಅಂಟಿಸಿದರೆ ಹಿಡಿತ ಕಡಿಮೆ, ಜುಮ್ಮೆನ್ನುವುದೂ ಹೆಚ್ಚು. ಎನಾಮೆಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿ ವಸ್ತು. ಆದರೆ ಅದನ್ನು ಮಾಡುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೆ ನಾಶವಾಗಿರುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ, ಎನಾಮೆಲ್ ಹೋದರೆ ಹೋಯಿತು. ನಮ್ಮ ಅಂಗಡಿಯಲ್ಲಿ ಕೊಯ್ದ ಬಟ್ಟೆ ವಾಪಸ್ಸು ತೆಗೆದುಕೊಳ್ಳುವುದಿಲ್ಲ ಎಂದು ಬೋರ್ಡು ಹಾಕಿದ್ದೇವೆ. ಇದೂ ಹಾಗೆಯೇ.

ವಸ್ತುಗಳು ಯಾವುವು?

ಮೊದಲನೆಯದು ಕಾಂಪೊಸಿಟ್. ರಾಳದಂಥ ಅಂಟಿನಲ್ಲಿ ನುಣ್ಣನೆಯ ಗಾಜಿನ ಪುಡಿ ಕಲಸಿದ ಹಿಟ್ಟು ಎಂದು ತಿಳಿಯಿರಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಫೆಲ್ ಬೋವೆನ್ ಇದಕ್ಕೆ ತಳಹದಿ ಹಾಕಿದರು. ವೈದ್ಯರು ಹಲ್ಲಿನ ಮೇಲೆ ಇದನ್ನು ಪದರ ಪದರವಾಗಿ ಹಚ್ಚಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿ, ತಿದ್ದಿ, ಹೊಳಪು ಕೊಡುತ್ತಾರೆ. ಒಂದೇ ಬಾರಿಗೆ ಕೆಲಸ ಮುಗಿಯಬಹುದು. ಹಲ್ಲನ್ನು ಸವೆಸುವುದು ಅತಿ ಕಡಿಮೆ. ಚೂರು ಒಡೆದರೆ ಅಲ್ಲಿಗಲ್ಲಿಗೇ ತೇಪೆ ಹಾಕಬಹುದು. ದೋಷವೆಂದರೆ ಹೊಳಪು ಮಾಸುತ್ತದೆ, ಬಣ್ಣ ಹೀರುತ್ತದೆ. ಚಹಾ, ಕಾಫಿ, ಅಡಿಕೆ ಸರಿಯೇ ಸರಿ. ನಮ್ಮ ಸಾರು-ಪಲ್ಯದ ಅರಿಶಿನವೂ ಹಿಡಿಯುತ್ತದೆ. ಆಗಾಗ ಪಾಲಿಶ್ ಮಾಡಿಸಬೇಕು. ಸಾಮಾನ್ಯವಾಗಿ ಐದರಿಂದ ಏಳು ವರ್ಷಕ್ಕೆ ಹೊಸದಾಗಿ ಮಾಡಿಸಬೇಕಾಗುತ್ತದೆ. ಮಾಡುವವರ ಕೈಚಳಕದ ಮೇಲೆ ಎಲ್ಲ ನಿಂತಿದೆ.

ಎರಡನೆಯದು ಪಿಂಗಾಣಿ, ಅಂದರೆ ಸೆರಾಮಿಕ್. ಇದರಲ್ಲಿ ಎರಡು ಬಗೆ. ಹಳೆಯದು ಫೆಲ್ಡ್‌ಸ್ಪಾರ್ ಪಿಂಗಾಣಿ. ಲ್ಯಾಬಿನಲ್ಲಿ ಪುಡಿಯನ್ನು ಕಲಸಿ, ಪದರವಾಗಿ ಹಚ್ಚಿ, ಕುಲುಮೆಯಲ್ಲಿ ಸುಟ್ಟು ಮಾಡುತ್ತಾರೆ. ನಿಜವಾದ ಹಲ್ಲಿನಂತೆ ಬೆಳಕು ಒಳಗೆ ಹಾಯ್ದು ಬರುತ್ತದೆ, 0.3 ಮಿಲಿಮೀಟರಿನಷ್ಟು ತೆಳುವಾಗಿಯೂ ಮಾಡಬಹುದು. ಆದರೆ ಕೈಯಲ್ಲಿ ಹಿಡಿದಾಗ ಗಾಜಿನಷ್ಟು ನಾಜೂಕು. ಹಲ್ಲಿಗೆ ಅಂಟಿದ ಮೇಲೆಯೇ ಅದಕ್ಕೆ ಬಲ. ಎರಡನೆಯ ಬಗೆ ಲಿಥಿಯಂ ಡೈಸಿಲಿಕೇಟ್, 'ಇ-ಮ್ಯಾಕ್ಸ್' ಎಂಬ ಮಾರಾಟದ ಹೆಸರಿನಲ್ಲಿ ಜನ ಕೇಳಿರುತ್ತಾರೆ. ಇದು ಗಾಜಿನೊಳಗೆ ಸೂಜಿಯಂಥ ಹರಳುಗಳು ಹೆಣೆದುಕೊಂಡ ವಸ್ತು. ಬಾಗಿಸಿ ಮುರಿಯುವ ಪರೀಕ್ಷೆಯಲ್ಲಿ ಹಳೆಯ ಪಿಂಗಾಣಿ ಸುಮಾರು 60ರಿಂದ 100 ಮೆಗಾಪ್ಯಾಸ್ಕಲ್ ತಡೆದರೆ, ಇದು 400ರ ಆಸುಪಾಸು ತಡೆಯುತ್ತದೆ. ನೋಡಲಿಕ್ಕೂ ಚೆನ್ನ, ಆಮ್ಲದಿಂದ ಒರಟಾಗಿ ಅಂಟಿಗೂ ಒಗ್ಗುತ್ತದೆ. ಎರಡೂ ಬಗೆಯ ಪಿಂಗಾಣಿ ಅರಿಶಿನ-ಕಾಫಿಗೆ ಬಣ್ಣಗೆಡುವುದಿಲ್ಲ. ಎನಾಮೆಲ್ ಮೇಲೆ ಸರಿಯಾಗಿ ಅಂಟಿಸಿದ ಪಿಂಗಾಣಿ ವೆನೀರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಸುಮಾರು ಹತ್ತು ವರ್ಷದ ನಂತರವೂ ಉಳಿದಿರುತ್ತವೆ. ಆದರೆ ಒಡೆದರೆ ಬಹುಮಟ್ಟಿಗೆ ಹೊಸದೇ ಮಾಡಿಸಬೇಕು.

ಮೂರನೆಯದು ಜಿರ್ಕೋನಿಯಾ. ಬಲದಲ್ಲಿ ಇದೇ ಮೊದಲು. ಗಟ್ಟಿ ಬಗೆಗಳು 900 ಮೆಗಾಪ್ಯಾಸ್ಕಲಿಗೂ ಮೇಲೆ ತಡೆಯುತ್ತವೆ. ದವಡೆ ಹಲ್ಲಿನ ಕ್ಯಾಪಿಗೆ, ಸೇತುವೆಯಂತೆ ಹಲ್ಲು ಕಟ್ಟಿಸಲಿಕ್ಕೆ ಇದು ಬಹಳ ಒಳ್ಳೆಯ ವಸ್ತು. ಒಳಗಿನ ಹಲ್ಲು ತೀರಾ ಕಪ್ಪಾಗಿದ್ದರೆ ಮರೆಮಾಡುವ ಗುಣವೂ ಇದೆ. ಆದರೆ ಇದರಲ್ಲಿ ಗಾಜಿನ ಅಂಶವಿಲ್ಲ. ಆದ್ದರಿಂದ ಪಿಂಗಾಣಿಯನ್ನು ಒರಟು ಮಾಡುವ ಆಮ್ಲ ಇದರ ಮೇಲೆ ಕೆಲಸ ಮಾಡುವುದಿಲ್ಲ. ನುಣ್ಣನೆಯ ಪುಡಿಯನ್ನು ರಭಸದಿಂದ ಹೊಡೆದು, ಬೇರೆ ರಾಸಾಯನಿಕ ಹಚ್ಚಿ ಅಂಟಿಸಬೇಕು. ತೆಳು ವೆನೀರಿಗೆ ಇಡೀ ಆಧಾರವೇ ಅಂಟು. ಅಂಟು ಹಿಡಿಯಲು ಕಷ್ಟವಾದ ವಸ್ತುವಿಗೆ ಎಷ್ಟು ಬಲವಿದ್ದರೂ ಅಲ್ಲಿ ಪ್ರಯೋಜನ ಕಡಿಮೆ. ಹೆಚ್ಚು ಪಾರದರ್ಶಕವಾದ ಹೊಸ ಜಿರ್ಕೋನಿಯಾಗಳಲ್ಲಿ ಅಂದ ಹೆಚ್ಚಿದಷ್ಟೂ ಬಲ ಇಳಿಯುತ್ತದೆ.

"ಗಟ್ಟಿ ಅಂತ ತೆಗೊಂಡ್ರೆ ಆಯ್ತಾ? ನೀವು ರವಿಕೆಗೆ ಕ್ಯಾನ್ವಾಸ್ ಬಟ್ಟೆ ಕೊಡ್ತೀರಾ?" ಎಂದು ವೈದ್ಯೆ ನನ್ನನ್ನೇ ಕೇಳಿದರು. ನನ್ನ ಭಾಷೆಯಲ್ಲಿಯೇ ಹೇಳಿದ್ದರಿಂದ ಮನಸ್ಸಿಗೆ ನಾಟಿತು.

ನಮ್ಮವರ ಒಂದು ಸಂದೇಹ

ನಮ್ಮ ಮನೆಯವರಿಗೆ ಇನ್ನೊಂದು ಚಿಂತೆ. ಪಿಂಗಾಣಿಯಲ್ಲಿ ಮೂಳೆ ಸೇರಿರುತ್ತದೆ ಎಂದು ಯಾರೋ ಹೇಳಿದ್ದರು. ಹಾಗಾದರೆ ಅದನ್ನು ದಿನವಿಡೀ ಬಾಯಲ್ಲಿ ಇಟ್ಟುಕೊಂಡು ಬಸದಿಗೆ ಹೋಗುವುದು ಹೇಗೆ? ಕೇಳಲು ಸಂಕೋಚಪಟ್ಟರೂ ಕೇಳಿಯೇಬಿಟ್ಟರು. ವೈದ್ಯೆ ನಗಲಿಲ್ಲ, ಸಮಾಧಾನವಾಗಿ ವಿವರಿಸಿದರು. ಮೂಳೆಯ ಬೂದಿ ಸೇರಿಸುವುದು 'ಬೋನ್ ಚೈನಾ' ಎಂಬ ಕಪ್ಪು-ತಟ್ಟೆಗಳಿಗೆ. ಹಲ್ಲಿನ ಪಿಂಗಾಣಿ ಬೇರೆ. ಅದಕ್ಕೆ ಬೇಕಾದದ್ದು ಫೆಲ್ಡ್‌ಸ್ಪಾರ್, ಅಂದರೆ ನಮ್ಮ ಆಂಧ್ರದಲ್ಲೂ ರಾಜಸ್ಥಾನದಲ್ಲೂ ಅಗೆದು ತೆಗೆಯುವ ಕಲ್ಲು, ಮತ್ತು ಬೆಣಚು. ಜಿರ್ಕೋನಿಯಾ ಬರುವುದು ಜಿರ್ಕಾನ್ ಎಂಬ ಖನಿಜದಿಂದ. ಕೇರಳದ ಚವರದ ಕಡಲ ಮರಳಿನಲ್ಲಿಯೂ ಅದಿದೆ. ಕಾಂಪೊಸಿಟ್ ರಾಸಾಯನಿಕ ರಾಳ ಮತ್ತು ಗಾಜು. ಮೂರರಲ್ಲಿಯೂ ಮೂಳೆಯಿಲ್ಲ. ನಮ್ಮ ಮನೆಯವರ ಮುಖ ಅರಳಿತು. ಇಂಥ ಸಂದೇಹವಿರುವ ತಾಯಂದಿರು ಸಂಕೋಚವಿಲ್ಲದೆ ಕೇಳಿರಿ.

ಅಸಲು ಮತ್ತು ಬಡ್ಡಿ

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ನಮಗೆ ಹೇಳಿದ ದರ ಒಂದು ಹಲ್ಲಿಗೆ ಕಾಂಪೊಸಿಟ್ 4,000, ಲಿಥಿಯಂ ಡೈಸಿಲಿಕೇಟ್ 12,000. ಕಾಂಪೊಸಿಟ್ ಆರು ವರ್ಷ ಬಂದರೆ ವರ್ಷಕ್ಕೆ ಸುಮಾರು 670 ರೂಪಾಯಿ. ಪಿಂಗಾಣಿ ಹದಿನೈದು ವರ್ಷ ಬಂದರೆ ವರ್ಷಕ್ಕೆ 800. ನೋಡಿದರೆ ದೊಡ್ಡ ವ್ಯತ್ಯಾಸವಿಲ್ಲ. ಆದ್ದರಿಂದ ಹಣದ ಮೇಲೆ ಇದನ್ನು ತೀರ್ಮಾನಿಸಲಿಕ್ಕಾಗುವುದಿಲ್ಲ ಎಂದು ನನಗೆ ತಿಳಿಯಿತು.

ತೀರ್ಮಾನಿಸಬೇಕಾದದ್ದು ಹಲ್ಲಿನ ಮೇಲೆ. ಇಪ್ಪತ್ತೊಂದು ವರ್ಷದ ಹುಡುಗಿಗೆ ಇನ್ನು ಐವತ್ತು ಅರವತ್ತು ವರ್ಷ ಆ ಹಲ್ಲು ಬಾಳಬೇಕು. ಯಾವ ವೆನೀರೂ ಅಷ್ಟು ಕಾಲ ಬರುವುದಿಲ್ಲ. ಪಿಂಗಾಣಿಯನ್ನೂ ಮೂರು ನಾಲ್ಕು ಬಾರಿ ಬದಲಿಸಬೇಕಾಗುತ್ತದೆ. ಬದಲಿಸುವಾಗಲೆಲ್ಲ ಹಳೆಯದನ್ನು ಅರೆದು ತೆಗೆಯಬೇಕು, ಅದರ ಜೊತೆ ಹಲ್ಲೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಹಲ್ಲು ನಮ್ಮ ಅಸಲು. ಮೇಲಿನ ಹೊದಿಕೆ ಏನಿದ್ದರೂ ಬಂದು ಹೋಗುವ ಬಡ್ಡಿ. ಮೊದಲ ದಿನವೇ ಅಸಲನ್ನು ತಿಂದು ಕುಳಿತರೆ ಮುಂದೆ ಯಾವ ಸಾಹುಕಾರನೂ ಸಾಲ ಕೊಡುವುದಿಲ್ಲ. ನಾನು 1998ರಲ್ಲಿ ಮಾಡಿದ್ದು ಅದನ್ನೇ.

ಹೀಗಾಗಿ ವೈದ್ಯೆಯ ಸಲಹೆಯಂತೆ ಕೆಳಗಿನ ಮೆಟ್ಟಿಲಿನಿಂದ ಹತ್ತಿದೆವು. ಮೊದಲು ಆಮ್ಲ ಬೆರೆಸಿದ ನುಣ್ಣನೆಯ ಪುಡಿಯಿಂದ ಮೇಲಿನ ಕಲೆಯನ್ನು ತೀಡಿದರು. ಇದರಲ್ಲಿ ಹೋಗುವ ಎನಾಮೆಲ್ ಬಹಳ ಅಲ್ಪ. ಇದು ವೈದ್ಯರೇ ವಸಡನ್ನು ಮರೆಮಾಡಿ ಮಾಡಬೇಕಾದ ಕೆಲಸ. ಮನೆಯಲ್ಲಿ ನಿಂಬೆಹುಳಿ, ಸೋಡಾ ಹಾಕಿ ಉಜ್ಜಿದರೆ ಹಲ್ಲು ಹಾಳು. ಆಮೇಲೆ ಅಚ್ಚಿನ ತಟ್ಟೆಯಲ್ಲಿ ಔಷಧ ಹಾಕಿಕೊಂಡು ರಾತ್ರಿ ಮಲಗುವ ಬ್ಲೀಚಿಂಗ್, ಮೂರು ವಾರ. ಮೊದಲ ವಾರ ಬಿಳಿ ಮಚ್ಚೆ ಇನ್ನೂ ಎದ್ದು ಕಂಡು ಹುಡುಗಿ ಅತ್ತಳು. ಆಮೇಲೆ ಸುತ್ತಲಿನ ಬಣ್ಣವೂ ತಿಳಿಯಾಗಿ ಹೊಂದಿಕೊಂಡಿತು. ಹತ್ತು ಹಲ್ಲುಗಳಿಗೆ ಕ್ಯಾಪ್ ಎಂದಿದ್ದರಲ್ಲ, ಅವುಗಳಲ್ಲಿ ಆರಕ್ಕೆ ಮತ್ತೇನೂ ಬೇಕಾಗಲಿಲ್ಲ. ಕಂದು ಗುಳಿ ಆಳವಾಗಿದ್ದ ನಾಲ್ಕು ಹಲ್ಲುಗಳಿಗೆ ಮಾತ್ರ ಕಾಂಪೊಸಿಟ್ ವೆನೀರ್ ಹಾಕಿದರು. ಫ್ಲೋರೋಸಿಸ್ ಆದ ಎನಾಮೆಲಿಗೆ ಆಮ್ಲ ಬೇಗ ಹತ್ತುವುದಿಲ್ಲವಾದ್ದರಿಂದ ಹೆಚ್ಚು ಹೊತ್ತು ಹಚ್ಚಬೇಕಂತೆ. ಅನುಭವವಿರುವವರ ಬಳಿ ಹೋಗಬೇಕು ಎನ್ನುವುದು ಇದಕ್ಕೇ. ನಮ್ಮ ಸೀಮೆಯ ಹಲ್ಲು ನೋಡಿದ ವೈದ್ಯರಿಗೆ ಅದು ಗೊತ್ತಿರುತ್ತದೆ.

ಮೂವತ್ತು ದಾಟಿದ ಮೇಲೆ ಬೇಕೆನಿಸಿದರೆ ಆ ನಾಲ್ಕಕ್ಕೆ ಪಿಂಗಾಣಿ ಹಾಕಿಸಬಹುದು. ಎನಾಮೆಲ್ ಉಳಿದಿರುವುದರಿಂದ ಆ ದಾರಿ ತೆರೆದೇ ಇದೆ. ಎಲ್ಲರಿಗೂ ಕಾಂಪೊಸಿಟ್ಟೇ ಸರಿ ಎಂದು ನಾನು ಹೇಳುತ್ತಿಲ್ಲ. ನಲವತ್ತರ ವಯಸ್ಸಿನವರಿಗೆ, ಕಾಫಿ ಬಿಡದವರಿಗೆ, ಪದೇ ಪದೇ ವೈದ್ಯರ ಬಳಿ ಹೋಗಲಾಗದವರಿಗೆ ಪಿಂಗಾಣಿಯೇ ಮೇಲು. ಮೊದಲೇ ಹಲ್ಲು ಅರ್ಧ ಹುಳುಕಾಗಿ ಹೋಗಿದ್ದರೆ ಕ್ಯಾಪೇ ಬೇಕಾಗಬಹುದು. ಗಟ್ಟಿ ಹಲ್ಲನ್ನು ಬಣ್ಣಕ್ಕಾಗಿ ಮಾತ್ರ ಅರೆಯಬೇಡಿರಿ ಎಂಬುದಷ್ಟೇ ನನ್ನ ಮಾತು.

ವಿಚಾರಿಸಬೇಕಾದ ಸಂಗತಿಗಳು

ಒಂದು: ಮಾಡುವವರು ಬಿ.ಡಿ.ಎಸ್. ಪದವಿ ಪಡೆದು ನೋಂದಣಿಯಾದ ದಂತವೈದ್ಯರೇ ಎಂದು ನೋಡಿರಿ. ಸೌಂದರ್ಯದ ಅಂಗಡಿಗಳಲ್ಲಿ ಹಲ್ಲಿಗೆ ಪದರ ಅಂಟಿಸುತ್ತೇವೆ ಎಂಬವರ ಹತ್ತಿರ ಸುಳಿಯಬೇಡಿರಿ.

ಎರಡು: ವೆನೀರೋ ಕ್ಯಾಪೋ, ಯಾವ ವಸ್ತು, ಎಷ್ಟು ಹಲ್ಲು, ಪ್ರತಿ ಹಲ್ಲಿಗೆ ಎಷ್ಟು ಮಿಲಿಮೀಟರ್ ಸವೆಸುತ್ತೀರಿ ಎಂಬುದನ್ನು ಬರೆಸಿಕೊಳ್ಳಿರಿ. ಗ್ಯಾರಂಟಿ ಕಾರ್ಡು ಹೊದಿಕೆಗೆ ಮಾತ್ರ, ಒಳಗಿನ ಹಲ್ಲಿಗೆ ಯಾರೂ ಗ್ಯಾರಂಟಿ ಕೊಡುವುದಿಲ್ಲ.

ಮೂರು: ಹಲ್ಲು ಸವೆಸುವ ಮೊದಲೇ ಅಚ್ಚಿನ ಮೇಲೆ ಮೇಣದಲ್ಲಿ ಮಾಡಿ, ಬಾಯಲ್ಲಿ ತಾತ್ಕಾಲಿಕವಾಗಿ ಕೂರಿಸಿ ತೋರಿಸಲು ಹೇಳಿರಿ. ಇಷ್ಟವಾಗದಿದ್ದರೆ ತೆಗೆದರಾಯಿತು, ನಷ್ಟವಿಲ್ಲ.

ನಾಲ್ಕು: ಬಣ್ಣವನ್ನು ಹಗಲು ಬೆಳಕಿನಲ್ಲಿ ಆರಿಸಿರಿ. ಸೀರೆಗೆ ರವಿಕೆ ಬಟ್ಟೆ ಹೊಂದಿಸುವ ಹೆಂಗಸರು ಟ್ಯೂಬ್‌ಲೈಟ್ ನಂಬದೆ ಬೀದಿಯ ಬೆಳಕಿಗೆ ಒಯ್ದು ನೋಡುವುದಿಲ್ಲವೇ? ಕೆಲಸ ಶುರುವಾಗುವ ಮೊದಲೇ ಆರಿಸಬೇಕು. ಬಾಯಿ ತೆರೆದು ಕೂತು ಹಲ್ಲು ಒಣಗಿದರೆ ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ.

ಐದು: ವಸಡಿನ ರೋಗ, ಹುಳುಕು ಇದ್ದರೆ ಮೊದಲು ಅದು ವಾಸಿಯಾಗಲಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿರಿ.

ಆರು: ಹಾಕಿಸಿದ ಮೇಲೆ ಮುಂದಿನ ಹಲ್ಲಿನಿಂದ ಅಡಿಕೆ, ಗಟ್ಟಿ ಚಕ್ಕುಲಿ ಕಡಿಯಬಾರದು. ಜವಳಿ ಅಂಗಡಿಯವರು, ದರ್ಜಿಗಳು ದಾರವನ್ನು ಹಲ್ಲಿನಿಂದ ಹರಿಯುವ ಚಟ ಬಿಡಬೇಕು. ಕತ್ತರಿ ಇರುವುದು ಅದಕ್ಕೇ.

ಕೊನೆಯ ಮಾತು

ಹುಬ್ಬಳ್ಳಿಯವರು ಬಂದರು. ಹುಡುಗನ ತಾಯಿಗೆ ಮೊಮ್ಮಗಳು ತಾನಾಗಿಯೇ ಹೇಳಿದಳು: "ನನ್ನ ಹಲ್ಲಿನ ಮೇಲೆ ನೀರಿನ ಕಲೆ ಇತ್ತು, ನಾಲ್ಕಕ್ಕೆ ವೆನೀರ್ ಹಾಕಿಸಿದೀನಿ, ಆರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು." ನನ್ನ ಸೊಸೆಗೆ ನಿಂತಲ್ಲೇ ಬೆವರು. ಆ ಸಂಬಂಧ ಕೂಡಿಬರಲಿಲ್ಲ. ಹಲ್ಲು ಕಾರಣವೋ ಜಾತಕ ಕಾರಣವೋ ನಾವು ಕೇಳಲು ಹೋಗಲಿಲ್ಲ. ಮೂರು ದಿನ ಮನೆಯಲ್ಲಿ ಎಲ್ಲರ ಮುಖ ಬಾಡಿತ್ತು, ಅವಳದೊಂದು ಬಿಟ್ಟು. "ತಾತಾ, ನಾನು ಅವರಿಗೋಸ್ಕರ ಮಾಡಿಸ್ಕೊಂಡಿದ್ದಲ್ಲ," ಎಂದಳು.

ಈಗ ಅವಳು ಎಂ.ಕಾಂ. ಓದುತ್ತಿದ್ದಾಳೆ. ರಜೆಗೆ ಬಂದಾಗ ಅಂಗಡಿಯಲ್ಲಿ ಕುಳಿತು ಬಿಲ್ಲು ಬರೆಯುತ್ತಾಳೆ. ಕಂದು ಕಲೆ ಪೂರ್ತಿ ಹೋಗಿಲ್ಲ, ಹತ್ತಿರದಿಂದ ನೋಡಿದರೆ ಪಕ್ಕದ ಹಲ್ಲಿನಲ್ಲಿ ಒಂದು ನೆರಳು ಕಾಣುತ್ತದೆ. ಆದರೆ ಗಿರಾಕಿಗಳ ಜೊತೆ ನಗುವಾಗ ಅವಳ ಕೈ ಬಾಯಿಗೆ ಹೋಗುವುದು ನಿಂತಿದೆ. ನಮ್ಮ ಬೋರ್‌ವೆಲ್ ನೀರನ್ನು ಈಗ ಗಿಡಗಳಿಗೆ ಮಾತ್ರ ಬಿಡುತ್ತೇವೆ. ಮನೆಗೆ ಹೊಸದಾಗಿ ಬಂದಿರುವ ನನ್ನ ಕಿರಿಯ ಮಗನ ಕೂಸಿಗೆ ಪರೀಕ್ಷೆ ಮಾಡಿಸಿದ ನೀರು, ಅದೂ ಸೋಸಿಯೇ.

ಜೈ ಜಿನೇಂದ್ರ.